ನಾಲ್ಕನೇ ಡೌನ್ ಮತ್ತು ಜಾರುಗಂಬ

ಗೋಕುಲಾಷ್ಟಮಿಯ ಹೊತ್ತಿಗೆ ನಮ್ಮಲ್ಲಿ ಕಂಬಕ್ಕೆ ಎಣ್ಣೆ ಬಳಿಯುವುದು ಹುಡುಗರು ಹತ್ತಲಿ ಎಂದು. 2018ರ ಜನವರಿ 21ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೊಲೀಸರು ಬೀದಿದೀಪದ ಕಂಬಗಳಿಗೆ ಅಡುಗೆಯ ವನಸ್ಪತಿ ಬಳಿದದ್ದು ಯಾರೂ ಹತ್ತದಿರಲಿ ಎಂದು. ಎರಡೂ ಕಡೆ ಆದದ್ದು ಒಂದೇ: ಜನ ಹತ್ತಿದರು. ಎರಡು ವಾರದ ನಂತರ, ಫೈನಲ್ ದಿನ, ವನಸ್ಪತಿಯ ಬದಲು ಯಂತ್ರಗಳಿಗೆ ಹಾಕುವ ಹೈಡ್ರಾಲಿಕ್ ಎಣ್ಣೆ ಬಂತು. ಆಗಲೂ ಹತ್ತಿದರು. ಅಲ್ಲಿನ ಇಟಾಲಿಯನ್ ಮಾರ್ಕೆಟ್ ಹಬ್ಬದಲ್ಲಿ ಜಾರುಗಂಬ ಏರುವ ಸ್ಪರ್ಧೆಯೇ ಇದೆ ಎನ್ನುವುದು ಪೊಲೀಸರಿಗೆ ಆ ಕ್ಷಣಕ್ಕೆ ಮರೆತಿತ್ತೇನೋ.

ಈ ಹುಚ್ಚಿಗೆ ಕಾರಣ ಫಿಲಡೆಲ್ಫಿಯಾ ಈಗಲ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ. 1933ರಲ್ಲಿ ಹುಟ್ಟಿದ ಈ ತಂಡ ಅದಕ್ಕೂ ಮುನ್ನ ಕೊನೆಯ ಬಾರಿ ಚಾಂಪಿಯನ್ ಆಗಿದ್ದು 1960ರಲ್ಲಿ. ಸೂಪರ್ ಬೌಲ್ ಎಂಬ ಫೈನಲ್ ಶುರುವಾದದ್ದೇ 1967ರಲ್ಲಿ, ಅಂದರೆ ಅದನ್ನು ಈ ತಂಡ ಒಮ್ಮೆಯೂ ಗೆದ್ದಿರಲಿಲ್ಲ. ಎರಡು ಸಲ ಫೈನಲ್ ತಲುಪಿ ಎರಡೂ ಸಲ ಸೋತಿತ್ತು. ಅಲ್ಲಿನ ಅಭಿಮಾನಿಗಳ ಒರಟುತನ ದೇಶಕ್ಕೆಲ್ಲ ಗೊತ್ತು; 1968ರಲ್ಲಿ ಸೋಲುತ್ತಿದ್ದ ಸಿಟ್ಟಿಗೆ ಸಾಂಟಾ ಕ್ಲಾಸ್ ವೇಷಧಾರಿಯ ಮೇಲೆ ಹಿಮದುಂಡೆ ಎಸೆದವರು ಅವರು.

2017ರ ಸೀಸನ್‌ನಲ್ಲಿ ಈ ತಂಡ ಗೆದ್ದದ್ದು ಹೇಗೆ ಎಂದು ನೋಡುತ್ತ ಹೋದರೆ ಈ ಆಟದ ಒಳಗುಟ್ಟು ಮುಕ್ಕಾಲು ಪಾಲು ತಿಳಿದುಬಿಡುತ್ತದೆ. ನನ್ನ ಪ್ರಕಾರ ಆ ಗುಟ್ಟು ಇರುವುದು ನಾಲ್ಕನೇ ಡೌನ್ ಎಂಬ ಒಂದೇ ಕ್ಷಣದಲ್ಲಿ.

ಮೊದಲು ಮೈದಾನ. ಉದ್ದ 100 ಯಾರ್ಡ್. ಯಾರ್ಡ್ ಅಂದರೆ ಬೇರೇನಲ್ಲ, ಅಜ್ಜಿಯರು ಸೀರೆ ಅಳೆಯುತ್ತಿದ್ದ ಗಜ. ಹಾಗಾಗಿ ಮುಂದೆ ಗಜವೆಂದೇ ಬರೆಯುತ್ತೇನೆ. ಎರಡೂ ತುದಿಯಲ್ಲಿ ಹತ್ತು ಹತ್ತು ಗಜದ ಎಂಡ್ ಝೋನ್. ಎದುರಾಳಿಯ ಎಂಡ್ ಝೋನ್‌ಗೆ ಚೆಂಡು ಮುಟ್ಟಿಸಿದರೆ ಟಚ್‌ಡೌನ್, 6 ಅಂಕ. ಆಮೇಲೆ ಚೆಂಡನ್ನು ಒದ್ದು ಕಂಬಗಳ ನಡುವೆ ತೂರಿಸಿದರೆ ಇನ್ನೊಂದು, ಅಥವಾ ಮತ್ತೊಮ್ಮೆ ನುಗ್ಗಿ ಮುಟ್ಟಿಸಿದರೆ ಎರಡು. ಟಚ್‌ಡೌನ್ ಕೈಗೂಡದು ಅನಿಸಿದಾಗ ದೂರದಿಂದಲೇ ಕಂಬಗಳ ನಡುವೆ ಒದೆಯುವುದು ಫೀಲ್ಡ್ ಗೋಲ್, 3 ಅಂಕ. ಪ್ರತಿ ಬದಿಗೆ 11 ಜನ, ಆದರೆ ದಾಳಿಗೆ ಬೇರೆ ಹನ್ನೊಂದು, ರಕ್ಷಣೆಗೆ ಬೇರೆ ಹನ್ನೊಂದು, ಒದೆಯುವುದಕ್ಕೆ ಮತ್ತೆ ಬೇರೆಯವರು. ತಂಡದಲ್ಲಿ ಒಟ್ಟು 53 ಮಂದಿ.

ದಾಳಿ ಮಾಡುವ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಎಂದು ಹೆಸರು. ನಾಲ್ಕರೊಳಗೆ 10 ಗಜ ಮುಂದೆ ಸಾಗಿದರೆ ಮತ್ತೆ ಹೊಸದಾಗಿ ನಾಲ್ಕು. ಸಾಗದಿದ್ದರೆ ಚೆಂಡು ನಿಂತ ಜಾಗದಿಂದಲೇ ಎದುರಾಳಿಯ ಪಾಲು. ಕ್ರಿಕೆಟ್ಟಿನ ಓವರ್‌ಗಿಂತ ಕಬಡ್ಡಿಯನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ. ಅಲ್ಲಿ ಆಟಗಾರನಿಗೆ ಬೇರೆ ದಾರಿಯಿಲ್ಲ, ಅಂಕ ತರಬೇಕು ಇಲ್ಲವೇ ಹೊರನಡೆಯಬೇಕು. ಈ ಆಟದಲ್ಲಿ ಮಾತ್ರ ನಾಲ್ಕನೇ ಡೌನ್ ಬಂದಾಗ ತಪ್ಪಿಸಿಕೊಳ್ಳಲು ಒಂದು ಹಿಂಬಾಗಿಲಿದೆ. ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸಿಬಿಡುವುದು. ಇದು ಪಂಟ್. ‘ತಗೋ ಮಾರಾಯ, ಆದರೆ 40 ಗಜ ಹಿಂದಿನಿಂದ ಶುರು ಮಾಡು’ ಎಂದು ಹೇಳಿದಂತೆ. ಬಹುತೇಕ ತರಬೇತುದಾರರು ದಶಕಗಳ ಕಾಲ ಕಣ್ಣು ಮುಚ್ಚಿ ಆರಿಸಿಕೊಂಡದ್ದು ಈ ಹಿಂಬಾಗಿಲನ್ನೇ. ಪಂಟ್ ಮಾಡಿ ಸೋತರೆ ಆಟಗಾರರು ಸೋತರು. ಮುನ್ನುಗ್ಗಿ ಸೋತರೆ ತರಬೇತುದಾರ ಸೋತ. ನೌಕರಿ ಉಳಿಸಿಕೊಳ್ಳಬೇಕಾದವನು ಯಾವುದನ್ನು ಆರಿಸುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದ್ದರು: ತಂಡಗಳು ಗೆಲ್ಲುವುದೇ ಗುರಿ ಎನ್ನುತ್ತಲೇ ಗೆಲುವಿನ ಸಾಧ್ಯತೆ ಕಡಿಮೆಯಾಗುವ ದಾರಿಯನ್ನು ಮತ್ತೆ ಮತ್ತೆ ಹಿಡಿಯುತ್ತವೆ. ಲೆಕ್ಕ ಕಷ್ಟದ್ದೇನಲ್ಲ. ಎದುರಾಳಿಯ ಗೆರೆಗೆ ಒಂದೇ ಗಜ ಬಾಕಿ, ನಾಲ್ಕನೇ ಡೌನ್ ಎಂದುಕೊಳ್ಳಿ. ಫೀಲ್ಡ್ ಗೋಲ್ ಒದ್ದರೆ 3 ಅಂಕ ಹೆಚ್ಚುಕಡಿಮೆ ಖಚಿತ. ನುಗ್ಗಿ ಗೆದ್ದರೆ ಸುಮಾರು 7. ಎರಡರಲ್ಲಿ ಒಂದು ಸಲ ಗೆದ್ದರೂ ಸರಾಸರಿ ಮೂರೂವರೆ ಆಯಿತಲ್ಲ? ಜೊತೆಗೆ, ಸೋತರೂ ಎದುರಾಳಿ ತನ್ನ ಗೋಡೆಗೆ ಬೆನ್ನು ಆನಿಸಿಕೊಂಡು, 99 ಗಜದ ದಾರಿ ಮುಂದಿಟ್ಟುಕೊಂಡು ಆಡಬೇಕು. ಅದೂ ಒಂದು ಲಾಭವೇ. ಇಷ್ಟು ಸರಳ ಕೂಡಿಸುವ ಲೆಕ್ಕವನ್ನು ಕೋಟಿಗಟ್ಟಲೆ ಸಂಬಳದವರು ವರ್ಷಗಟ್ಟಲೆ ಬದಿಗಿಟ್ಟರು.

ಈಗಲ್ಸ್ ತರಬೇತುದಾರ ಡಗ್ ಪೀಡರ್ಸನ್ ಬದಿಗಿಡಲಿಲ್ಲ. ಪಂದ್ಯದ ವೇಳೆ ಅವರ ಹೆಡ್‌ಸೆಟ್‌ನಲ್ಲಿ ಲೆಕ್ಕದ ಸಹಾಯಕನೊಬ್ಬ ಇರುತ್ತಿದ್ದ. ಈಗ ನುಗ್ಗಬಹುದೇ, ಬೇಡವೇ ಎಂದು ಅಂಕಿ ಹೇಳುವುದೇ ಅವನ ಕೆಲಸ. ಆ ಸೀಸನ್‌ನ ಲೀಗ್ ಪಂದ್ಯಗಳಲ್ಲಿ ಈಗಲ್ಸ್ ನಾಲ್ಕನೇ ಡೌನ್‌ನಲ್ಲಿ 26 ಸಲ ನುಗ್ಗಿ 17 ಸಲ ಗೆದ್ದಿತು. ಎಲ್ಲ ಸಲವೂ ಹೂವಿನ ಹಾರ ಸಿಗಲಿಲ್ಲ. ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ 8 ಗಜ ಬೇಕಿದ್ದಾಗಲೂ ನುಗ್ಗಿಸಿ ಕೈ ಸುಟ್ಟುಕೊಂಡು ಬೈಸಿಕೊಂಡರು. ಅದೇ ಪಂದ್ಯವನ್ನು ಕೊನೆಯ ಕ್ಷಣದಲ್ಲಿ 27-24ರಿಂದ ಉಳಿಸಿದ್ದು ಜೇಕ್ ಎಲಿಯಟ್ ಎಂಬ ಹೊಸ ಹುಡುಗ 61 ಗಜದಿಂದ ಒದ್ದ ಫೀಲ್ಡ್ ಗೋಲ್. ಕಾಯಂ ಒದೆಗಾರ ಗಾಯಗೊಂಡಿದ್ದರಿಂದ ಆಗಷ್ಟೇ ಇನ್ನೊಂದು ತಂಡದ ಅಭ್ಯಾಸ ಬಳಗದಿಂದ ಕರೆತಂದಿದ್ದ ಹುಡುಗ ಅವನು.

ಬದಲಿಗೆ ಬಂದವನು ಗೆಲ್ಲಿಸುವ ಈ ಚಾಳಿ ಆ ವರ್ಷವಿಡೀ ಮುಂದುವರಿಯಿತು. ಅದಕ್ಕೂ ಒಂದು ವ್ಯವಸ್ಥೆಯ ಹಿನ್ನೆಲೆ ಇದೆ.

ಎನ್‌ಎಫ್‌ಎಲ್ ಎಂಬ ಈ ಲೀಗ್‌ನಲ್ಲಿ 32 ತಂಡಗಳು. ಐಪಿಎಲ್ ಹರಾಜಿನಂತೆ ಇಲ್ಲೂ ಪ್ರತಿ ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಹಣಕ್ಕೆ ಮಿತಿಯಿದೆ. 2017ರಲ್ಲಿ ಅದು 16.7 ಕೋಟಿ ಡಾಲರ್. ಕಾಲೇಜು ಮುಗಿಸಿ ಬರುವ ಹುಡುಗರನ್ನು ಡ್ರಾಫ್ಟ್ ಎಂಬ ಸರದಿಯಲ್ಲಿ ಆರಿಸುತ್ತಾರೆ, ಹಿಂದಿನ ವರ್ಷ ಕೊನೆಯಲ್ಲಿದ್ದವರಿಗೆ ಮೊದಲ ಸರದಿ. ಈ ಸರದಿಗಳನ್ನೇ ತಂಡಗಳು ಸಂತೆಯಲ್ಲಿ ಎತ್ತು ಮಾರಿದಂತೆ ಕೊಟ್ಟು ತೆಗೆದುಕೊಳ್ಳಬಹುದು. ಇನ್ನೂ ಯಾರೆಂದೇ ಗೊತ್ತಿಲ್ಲದ, ಇನ್ನೂ ಕಾಲೇಜಿನಲ್ಲಿ ಓದುತ್ತಿರುವ ಹುಡುಗನನ್ನು ಮುಂದಿನ ವರ್ಷಕ್ಕೆ ಅಡವಿಟ್ಟಂತೆ.

ಇಲ್ಲಿ ಈಗಲ್ಸ್ ವ್ಯವಸ್ಥಾಪಕ ಹೋವಿ ರೋಸ್‌ಮನ್ ಆಡಿದ ಒಂದು ಚದುರಂಗ ಕೇಳಬೇಕು. 2016ರಲ್ಲಿ ತಂಡ ಹಲವು ಸರದಿಗಳನ್ನು ಬಿಟ್ಟುಕೊಟ್ಟು ಇಡೀ ಡ್ರಾಫ್ಟಿನ ಎರಡನೆಯವನಾಗಿ ಕಾರ್ಸನ್ ವೆಂಟ್ಜ್ ಎಂಬ ಕ್ವಾರ್ಟರ್‌ಬ್ಯಾಕನ್ನು ತಂದಿತು. ಕ್ವಾರ್ಟರ್‌ಬ್ಯಾಕ್ ಎಂದರೆ ದಾಳಿಯ ಸೂತ್ರಧಾರ. ಪ್ರತಿ ಡೌನ್‌ನಲ್ಲಿ ಚೆಂಡು ಮೊದಲು ಅವನ ಕೈಗೆ. ಆದರೆ ತಂಡದಲ್ಲಿ ಆಗಲೇ ಸ್ಯಾಮ್ ಬ್ರಾಡ್‌ಫರ್ಡ್ ಎಂಬ ಅನುಭವಿ ಇದ್ದ. ಸೀಸನ್ ಶುರುವಾಗಲು ವಾರವಷ್ಟೇ ಇರುವಾಗ ಮಿನ್ನೆಸೋಟ ವೈಕಿಂಗ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಅಭ್ಯಾಸದಲ್ಲಿ ಮಂಡಿ ಮುರಿದುಕೊಂಡ. ರೋಸ್‌ಮನ್ ಬ್ರಾಡ್‌ಫರ್ಡನನ್ನು ಅವರಿಗೆ ಕೊಟ್ಟು, ಬದಲಿಗೆ ಅವರ 2017ರ ಮೊದಲ ಸುತ್ತಿನ ಸರದಿಯನ್ನು ಪಡೆದರು. ಆ ಸರದಿಯಲ್ಲಿ ಬಂದವನು ಡೆರೆಕ್ ಬಾರ್ನೆಟ್ ಎಂಬ ರಕ್ಷಣಾ ಆಟಗಾರ. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ವೆಂಟ್ಜ್ ಹೊಸಬನಾದ್ದರಿಂದ ಅವನ ಸಂಬಳ ಹಿರಿಯ ಕ್ವಾರ್ಟರ್‌ಬ್ಯಾಕ್‌ಗಳ ಸಂಬಳದ ಒಂದು ತುಣುಕು. ನಾಲ್ಕು ವರ್ಷಕ್ಕೆ ಸೇರಿ ಸುಮಾರು 2.67 ಕೋಟಿ ಡಾಲರ್. ಆ ಹೊತ್ತಿಗೆ ದುಬಾರಿ ಕ್ವಾರ್ಟರ್‌ಬ್ಯಾಕ್‌ಗಳು ಅಷ್ಟನ್ನು ಒಂದೇ ವರ್ಷದಲ್ಲಿ ಪಡೆಯುತ್ತಿದ್ದರು. ಉಳಿದ ಹಣದಲ್ಲಿ ತಂಡ ಅಲ್ಶಾನ್ ಜೆಫ್ರಿ, ಲೆಗ್ಯಾರೆಟ್ ಬ್ಲೌಂಟ್, ಕ್ರಿಸ್ ಲಾಂಗ್ ಅವರಂಥ ಪಳಗಿದವರನ್ನು ಸೇರಿಸಿತು. ಮತ್ತು ನಿಕ್ ಫೋಲ್ಸ್ ಎಂಬ ಮೀಸಲು ಕ್ವಾರ್ಟರ್‌ಬ್ಯಾಕನ್ನು ಎರಡು ವರ್ಷಕ್ಕೆ 1.1 ಕೋಟಿ ಡಾಲರ್ ಕೊಟ್ಟು ಕರೆತಂದಿತು. ಬೆಂಚಿನ ಮೇಲೆ ಕೂರಲು ಇಷ್ಟು ಹಣವೇ ಎಂದು ಹುಬ್ಬೇರಿಸುವುದು ಸುಲಭ. ಮನೆಗೆ ವಿಮೆ ಮಾಡಿಸಿದವರಿಗೂ ಬೆಂಕಿ ಬೀಳುವ ತನಕ ಹಾಗೇ ಅನಿಸುತ್ತದೆ.

ಫೋಲ್ಸ್ ಈ ತಂಡಕ್ಕೆ ಹೊಸಬನಲ್ಲ. 2012ರಲ್ಲಿ ಈಗಲ್ಸ್‌ನಿಂದಲೇ ಆಟ ಶುರು ಮಾಡಿದವನು. 2013ರಲ್ಲಿ 27 ಟಚ್‌ಡೌನ್ ಎಸೆದು ಎದುರಾಳಿಯ ಕೈಗೆ ಚೆಂಡು ಕೊಟ್ಟದ್ದು ಬರೀ ಎರಡು ಸಲ. ಆಮೇಲೆ ಇಳಿಜಾರು. ಅವನನ್ನು ಬೇರೆ ತಂಡಕ್ಕೆ ಕೊಟ್ಟರು (ಬ್ರಾಡ್‌ಫರ್ಡನಿಗೆ ಬದಲಾಗಿ, ಅದೂ ತಮಾಷೆಯೇ), ಅಲ್ಲೂ ಕುದುರಲಿಲ್ಲ, 2016ರಲ್ಲಿ ಆಟವನ್ನೇ ಬಿಡುವ ಯೋಚನೆಯಲ್ಲಿದ್ದ.

2017ರ ಶರತ್ಕಾಲದಲ್ಲಿ ಅವನ ಅಗತ್ಯವೇ ಬೀಳಲಿಲ್ಲ. ವೆಂಟ್ಜ್ 13 ಪಂದ್ಯಗಳಲ್ಲಿ 33 ಟಚ್‌ಡೌನ್ ಎಸೆದ. ನಡುವೆ ತಂಡದ ಹಿರಿಯ ರಕ್ಷಾಕವಚ ಜೇಸನ್ ಪೀಟರ್ಸ್, ಡ್ಯಾರೆನ್ ಸ್ಪ್ರೋಲ್ಸ್, ಜೋರ್ಡನ್ ಹಿಕ್ಸ್ ಒಬ್ಬೊಬ್ಬರೇ ಗಾಯವಾಗಿ ಹೊರಬಿದ್ದರೂ ಗೆಲುವು ನಿಲ್ಲಲಿಲ್ಲ. ಡಿಸೆಂಬರ್ 10ರಂದು ಲಾಸ್ ಏಂಜಲೀಸ್‌ನಲ್ಲಿ ರ‍್ಯಾಮ್ಸ್ ವಿರುದ್ಧ ವೆಂಟ್ಜ್ ಎಂಡ್ ಝೋನ್‌ಗೆ ಧುಮುಕಿದಾಗ ಇಬ್ಬರ ನಡುವೆ ಸಿಕ್ಕಿ ಎಡಮಂಡಿಯ ಅಸ್ಥಿರಜ್ಜು ಹರಿಯಿತು. ಆ ಟಚ್‌ಡೌನ್ ಕೂಡ ಸಹ ಆಟಗಾರನ ತಪ್ಪಿನಿಂದ ರದ್ದಾಯಿತು. ಹರಿದ ಮಂಡಿಯಲ್ಲೇ ಇನ್ನೂ ನಾಲ್ಕು ಡೌನ್ ಆಡಿ, ನಾಲ್ಕನೆಯದರಲ್ಲಿ ಟಚ್‌ಡೌನ್ ಎಸೆದು ಹೊರನಡೆದ. ಪಂದ್ಯವನ್ನು 43-35ರಿಂದ ಮುಗಿಸಿದ್ದು ಫೋಲ್ಸ್. ಗೆದ್ದ ದಿನ ಫಿಲಡೆಲ್ಫಿಯಾದಲ್ಲಿ ಸೂತಕದ ಕಳೆ.

ತಂಡ 16ರಲ್ಲಿ 13 ಗೆದ್ದು ತನ್ನ ವಿಭಾಗದ ಮೊದಲ ಸ್ಥಾನಿಯಾಯಿತು. ಮೊದಲ ಸ್ಥಾನಕ್ಕೆ ಆಗ ಎರಡು ಬಹುಮಾನವಿತ್ತು: ಪ್ಲೇಆಫ್‌ನ ಮೊದಲ ಸುತ್ತು ಆಡಬೇಕಿಲ್ಲ, ಮತ್ತು ಫೈನಲ್ ತನಕದ ಪಂದ್ಯಗಳು ಸ್ವಂತ ಮೈದಾನದಲ್ಲಿ. ಅಂದರೆ ಇನ್ನು ಮೂರು ಗೆಲುವು ಸಾಕು. ಆದರೆ ಫೋಲ್ಸ್ ವರ್ಷಾಂತ್ಯದ ಎರಡು ಪಂದ್ಯಗಳಲ್ಲಿ ತಡವರಿಸಿದ್ದ. ಕೊನೆಯದರಲ್ಲಿ ತಂಡ ಒಂದು ಅಂಕವನ್ನೂ ಗಳಿಸದೆ 0-6ರಿಂದ ಸೋತಿತ್ತು. ಬಾಜಿ ಕಟ್ಟುವವರ ದೃಷ್ಟಿಯಲ್ಲಿ ಮೊದಲ ಸ್ಥಾನದ ತಂಡವೇ ಅಂಡರ್‌ಡಾಗ್ ಆಗಿಬಿಟ್ಟಿತು.

ಪೀಡರ್ಸನ್ ಮಾಡಿದ ಒಳ್ಳೆಯ ಕೆಲಸ ಇಲ್ಲಿದೆ. ಅವರೂ ಆಟದ ದಿನಗಳಲ್ಲಿ ಬಹುಕಾಲ ಮೀಸಲು ಕ್ವಾರ್ಟರ್‌ಬ್ಯಾಕ್. ಅವರ ಸಹಾಯಕ ಫ್ರ್ಯಾಂಕ್ ರೈಕ್ ಕೂಡ ಅಷ್ಟೇ. 1993ರಲ್ಲಿ ಬಫಲೊ ತಂಡ 32 ಅಂಕ ಹಿಂದಿದ್ದ ಪ್ಲೇಆಫ್ ಪಂದ್ಯವನ್ನು ಮೀಸಲು ಆಟಗಾರನಾಗಿ ಬಂದು ಗೆಲ್ಲಿಸಿದವರು. ಬೆಂಚಿನ ಮೇಲೆ ಕೂತವನ ಮನಸ್ಸು ಇಬ್ಬರಿಗೂ ಗೊತ್ತಿತ್ತು. ವೆಂಟ್ಜ್‌ಗೆ ಹೊಲಿದ ಅಂಗಿಯನ್ನು ಫೋಲ್ಸ್‌ಗೆ ತೊಡಿಸುವುದು ಬಿಟ್ಟು, ಅವನಿಗೆ ಯಾವುದು ಒಗ್ಗುತ್ತದೆ ಎಂದು ಕೂತು ನೋಡಿದರು. ಆರ್‌ಪಿಒ ಎಂಬ ತಂತ್ರದ ಪಾಲು ಹೆಚ್ಚಾಯಿತು. ಅದು ಹೀಗೆ: ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಡುವವನ ಹೊಟ್ಟೆಯ ಹತ್ತಿರ ಹಿಡಿದು, ಎದುರಿನ ಒಬ್ಬನೇ ರಕ್ಷಕನ ಮೇಲೆ ಕಣ್ಣಿಡುತ್ತಾನೆ. ಅವನು ಓಟವನ್ನು ತಡೆಯಲು ಮುಂದೆ ಬಂದರೆ ಚೆಂಡನ್ನು ಎಳೆದುಕೊಂಡು ಅವನು ಬಿಟ್ಟ ಜಾಗಕ್ಕೆ ಎಸೆಯುತ್ತಾನೆ; ಹಿಂದೆ ಸರಿದರೆ ಓಡುವವನಿಗೇ ಕೊಟ್ಟುಬಿಡುತ್ತಾನೆ. ರಕ್ಷಕ ಏನು ಮಾಡಿದರೂ ತಪ್ಪೇ. ಹತ್ತು ಜನರನ್ನು ಒಟ್ಟಿಗೆ ಅಳೆಯುವ ತಲೆಬಿಸಿ ಇಲ್ಲ, ಒಬ್ಬನನ್ನು ಓದಿದರೆ ಸಾಕು. ಹೆದರಿದ ಕೈಗೆ ಧೈರ್ಯ ಬರುವುದು ಇಂಥ ಸಣ್ಣ ಖಚಿತತೆಗಳಿಂದಲೇ.

ಅಟ್ಲಾಂಟಾ ವಿರುದ್ಧ 15-10. ಅದೂ ಕೊನೆಯಲ್ಲಿ ಎದುರಾಳಿ ಎರಡು ಗಜದ ದೂರದಲ್ಲಿ ನಾಲ್ಕನೇ ಡೌನ್‌ನಲ್ಲಿ ಎಡವಿದ್ದರಿಂದ. ಪಂದ್ಯ ಮುಗಿದ ಮೇಲೆ ಲೇನ್ ಜಾನ್ಸನ್ ಮತ್ತು ಕ್ರಿಸ್ ಲಾಂಗ್ ನಾಯಿಯ ಮುಖವಾಡ ಹಾಕಿಕೊಂಡು ಮೈದಾನದಲ್ಲಿ ತಿರುಗಿದರು. ಅಂಡರ್‌ಡಾಗ್ ಎಂದಿರಲ್ಲ, ತಗೊಳ್ಳಿ. ಮುಂದಿನ ವಾರ ಗ್ಯಾಲರಿಯ ತುಂಬ ನಾಯಿಮುಖ. ಎದುರಿಗೆ ಅದೇ ವೈಕಿಂಗ್ಸ್, ಆ ವರ್ಷ ಲೀಗ್‌ನಲ್ಲೇ ಅತಿ ಗಟ್ಟಿ ರಕ್ಷಣೆ. ಆ ಸಲದ ಸೂಪರ್ ಬೌಲ್ ನಡೆಯಬೇಕಿದ್ದದ್ದು ಅವರದೇ ಮಿನ್ನಿಯಾಪೊಲಿಸ್ ಕ್ರೀಡಾಂಗಣದಲ್ಲಿ. ಇನ್ನೊಂದು ಗೆದ್ದಿದ್ದರೆ ತನ್ನ ಮನೆಯಲ್ಲೇ ಫೈನಲ್ ಆಡುವ ಮೊದಲ ತಂಡವಾಗುತ್ತಿತ್ತು. ಫೋಲ್ಸ್ 352 ಗಜ ಎಸೆದ, ಫಲಿತಾಂಶ 38-7. ವೈಕಿಂಗ್ಸ್ ಕ್ವಾರ್ಟರ್‌ಬ್ಯಾಕಿನ ಕೈಯಿಂದ ಚೆಂಡು ಹೊಡೆದು ಬೀಳಿಸಿದ್ದು ಯಾರು? ಬಾರ್ನೆಟ್. ಅವರೇ ಕೊಟ್ಟ ಸರದಿ ಅವರ ಬೆನ್ನಿಗೇ ಬಿತ್ತು. ಕಂಬಗಳಿಗೆ ವನಸ್ಪತಿ ಬಿದ್ದದ್ದು ಈ ದಿನ.

ಫೈನಲ್ 2018ರ ಫೆಬ್ರವರಿ 4ರಂದು. ಭಾರತದಲ್ಲಿ ನೋಡುವವರಿಗೆ ಸೋಮವಾರ ಬೆಳಗಿನ ಐದು ಗಂಟೆ, ಹಾಲು ಬರುವ ಹೊತ್ತು. ಎದುರಾಳಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, ಅದರ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ. ಆಗಲೇ ಐದು ಸೂಪರ್ ಬೌಲ್ ಗೆದ್ದವನು. ಬ್ರೇಡಿ ಅಂದು 505 ಗಜ ಎಸೆದ. ಅವನ ತಂಡ ಇಡೀ ಪಂದ್ಯದಲ್ಲಿ ಒಮ್ಮೆಯೂ ಪಂಟ್ ಮಾಡಲಿಲ್ಲ. ಎರಡೂ ತಂಡ ಸೇರಿ 1,151 ಗಜ, ಲೀಗ್‌ನ ಯಾವ ಪಂದ್ಯದಲ್ಲೂ ಆಗದಷ್ಟು. ಇಂಥ ಪಂದ್ಯದಲ್ಲಿ ಪಂಟ್ ಮಾಡಿ ಚೆಂಡನ್ನು ಬ್ರೇಡಿಗೆ ಒಪ್ಪಿಸುವುದು ಕಳ್ಳನ ಕೈಗೆ ಕೀಲಿಕೈ ಕೊಟ್ಟಂತೆ. ಈಗಲ್ಸ್ ಪಂಟ್ ಮಾಡಿದ್ದು ಒಂದೇ ಒಂದು ಸಲ.

ಎರಡನೇ ಕ್ವಾರ್ಟರ್‌ನಲ್ಲಿ ಪೇಟ್ರಿಯಟ್ಸ್ ಒಂದು ಚಮತ್ಕಾರ ಪ್ರಯತ್ನಿಸಿತು: ಬೇರೊಬ್ಬ ಎಸೆದು, ಬ್ರೇಡಿಯೇ ಹಿಡಿಯುವುದು. ಚೆಂಡು ಬ್ರೇಡಿಯ ಬೆರಳಿಗೆ ತಾಗಿ ಕೆಳಗೆ ಬಿತ್ತು. ಅರ್ಧ ವಿರಾಮಕ್ಕೆ 38 ಸೆಕೆಂಡ್ ಉಳಿದಿರುವಾಗ ಈಗಲ್ಸ್ 15-12ರಿಂದ ಮುಂದಿತ್ತು, ಗೆರೆಗೆ ಒಂದೇ ಗಜ, ನಾಲ್ಕನೇ ಡೌನ್. ಒದ್ದರೆ ಸಲೀಸಾಗಿ 3 ಅಂಕ. ಸಮಯ ಮುಗಿಯುತ್ತ ಬಂದಿದ್ದರಿಂದ ಎದುರಾಳಿಯನ್ನು ಗೋಡೆಗೆ ಒತ್ತುವ ಲಾಭವೂ ಇಲ್ಲಿರಲಿಲ್ಲ. ಬರೀ ಮೂರೋ, ಏಳೋ, ಸೊನ್ನೆಯೋ ಎಂಬ ಪ್ರಶ್ನೆ. ಫೋಲ್ಸ್ ಪಕ್ಕದ ಗೆರೆಗೆ ನಡೆದು ಬಂದು ಪೀಡರ್ಸನ್ ಬಳಿ ಒಂದು ಆಟದ ಹೆಸರು ಹೇಳಿ ಕೇಳಿದ. ಪೀಡರ್ಸನ್ ಒಂದು ಕ್ಷಣ ನೋಡಿ ಸರಿ ಎಂದರು.

ಆಟದ ಹೆಸರು ‘ಫಿಲಿ ಸ್ಪೆಷಲ್’. ಫೋಲ್ಸ್ ಬಲಗಡೆಯ ಆಟಗಾರರಿಗೆ ಏನೋ ಹೇಳಲು ಹೋದವನಂತೆ ತನ್ನ ಜಾಗ ಬಿಟ್ಟು ನಡೆದ. ಅಷ್ಟರಲ್ಲಿ ಜೇಸನ್ ಕೆಲ್ಸಿ ಚೆಂಡನ್ನು ನೇರ ಕೋರಿ ಕ್ಲೆಮೆಂಟ್‌ಗೆ ಕೊಟ್ಟ. ಕ್ಲೆಮೆಂಟ್ ಎಡಕ್ಕೆ ಓಡಿ, ಎದುರಿನಿಂದ ಬರುತ್ತಿದ್ದ ಟ್ರೇ ಬರ್ಟನ್‌ಗೆ ದಾಟಿಸಿದ. ಇಡೀ ರಕ್ಷಣೆ ಚೆಂಡಿನ ಹಿಂದೆ ಬಿದ್ದಿತ್ತು. ಕ್ವಾರ್ಟರ್‌ಬ್ಯಾಕ್ ಮೇಲೆ ಯಾರ ಕಣ್ಣೂ ಇಲ್ಲ. ಎಂಡ್ ಝೋನ್‌ನ ಬಲಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ ಫೋಲ್ಸ್‌ಗೆ ಬರ್ಟನ್ ಎಸೆದ, ಅವನು ಹಿಡಿದ. ಕ್ಲೆಮೆಂಟ್ ಮತ್ತು ಬರ್ಟನ್ ಇಬ್ಬರನ್ನೂ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಿರಲಿಲ್ಲ. ಬರ್ಟನ್ ಕಾಲೇಜಿನಲ್ಲಿ ಒಂದಿಷ್ಟು ಕಾಲ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. ಎಸೆಯಲು ಅವನೇ ಏಕೆ ಎನ್ನುವುದಕ್ಕೆ ಉತ್ತರ ಅದು. ಆಟವೂ ಇವರ ಸ್ವಂತದ್ದಲ್ಲ. ಹಿಂದಿನ ಸೀಸನ್‌ನ ಕೊನೆಯ ಪಂದ್ಯದಲ್ಲಿ ಷಿಕಾಗೊ ತಂಡ ಆಡಿದ್ದನ್ನು ನೋಡಿ, ಚಮತ್ಕಾರದ ಆಟಗಳನ್ನು ಕಲೆಹಾಕುತ್ತಿದ್ದ ಒಬ್ಬ ಸಹಾಯಕ ತರಬೇತುದಾರ ಎತ್ತಿಟ್ಟುಕೊಂಡಿದ್ದ.

ಜಗತ್ತು ನೆನಪಿಟ್ಟುಕೊಂಡದ್ದು ಇದನ್ನು. ನನಗೆ ಮಾತ್ರ ಅದಕ್ಕಿಂತ ದೊಡ್ಡದು ಅನಿಸುವುದು ಕೊನೆಯ ಕ್ವಾರ್ಟರ್‌ನ ಒಂದು ಸಪ್ಪೆ ಎಸೆತ. ಪೇಟ್ರಿಯಟ್ಸ್ 33-32ರಿಂದ ಮುಂದೆ ಬಂದಿತ್ತು. 5 ನಿಮಿಷ 39 ಸೆಕೆಂಡ್ ಬಾಕಿ. ಈಗಲ್ಸ್ ತನ್ನದೇ ಅರ್ಧದಲ್ಲಿ, 45 ಗಜದ ಗೆರೆಯಲ್ಲಿ, ನಾಲ್ಕನೇ ಡೌನ್, ಒಂದು ಗಜ ಬೇಕು. ಸೋತರೆ ಬ್ರೇಡಿಗೆ ಅರ್ಧವೇ ಮೈದಾನ ಉಳಿಯುತ್ತಿತ್ತು. ಹಳೆಯ ಶಾಸ್ತ್ರದ ಯಾವ ತರಬೇತುದಾರನಾದರೂ ಇಲ್ಲಿ ಪಂಟ್ ಮಾಡಿಸುತ್ತಿದ್ದ. ಪೀಡರ್ಸನ್ ನುಗ್ಗಿಸಿದರು. ಫೋಲ್ಸ್ ಜಾಕ್ ಅರ್ಟ್ಸ್‌ಗೆ ಚಿಕ್ಕದಾಗಿ ಎಸೆದ, ಎರಡು ಗಜ ಸಿಕ್ಕಿತು. ಚಪ್ಪಾಳೆ ತಟ್ಟುವಂಥದ್ದೇನೂ ಅಲ್ಲ. ಅದೇ ದಾಳಿ ಏಳು ನಿಮಿಷ ಎಳೆದು, 2 ನಿಮಿಷ 21 ಸೆಕೆಂಡ್ ಬಾಕಿಯಿರುವಾಗ ಅರ್ಟ್ಸ್‌ನ ಟಚ್‌ಡೌನ್‌ನಲ್ಲಿ ಮುಗಿಯಿತು: 38-33. ಬೆನ್ನಲ್ಲೇ ಬ್ರ್ಯಾಂಡನ್ ಗ್ರಹಾಂ ಬ್ರೇಡಿಯ ಕೈಗೆ ಹೊಡೆದು ಚೆಂಡು ಉದುರಿಸಿದ. ಇಡೀ ಪಂದ್ಯದಲ್ಲಿ ಬ್ರೇಡಿ ಸಿಕ್ಕಿಬಿದ್ದದ್ದು ಅದೊಂದೇ ಸಲ. ನೆಲದಿಂದ ಪುಟಿದ ಚೆಂಡು ಹೋಗಿ ಸೇರಿದ್ದು ಬಾರ್ನೆಟ್ ಕೈಗೆ. ಮತ್ತೆ ಅದೇ ಹುಡುಗ. ಎಲಿಯಟ್ 46 ಗಜದಿಂದ ಒದ್ದು ಇನ್ನು ಮೂರು ಸೇರಿಸಿದ, 41-33. ಪಂದ್ಯಶ್ರೇಷ್ಠ ಫೋಲ್ಸ್.

ಫೆಬ್ರವರಿ 8ರ ಮೆರವಣಿಗೆಯಲ್ಲಿ, ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ ಕೆಲ್ಸಿ ಊರಿನ ಮಮ್ಮರ್ಸ್ ಹಬ್ಬದ ಮಿರಮಿರ ಮಿಂಚುವ ವೇಷ ತೊಟ್ಟು, ಕಲಾ ವಸ್ತುಸಂಗ್ರಹಾಲಯದ ಮೆಟ್ಟಿಲ ಮೇಲೆ ನಿಂತು, ತಂಡದಲ್ಲಿ ಯಾರ‍್ಯಾರನ್ನು ಯಾರು ಏನೇನೆಂದು ಹೀಯಾಳಿಸಿದ್ದರೋ ಅದನ್ನೆಲ್ಲ ಒಬ್ಬೊಬ್ಬರ ಹೆಸರು ಹಿಡಿದು ಕೂಗಿ ಹೇಳಿದ.

ಮುಂದಿನ ವರ್ಷ ವೆಂಟ್ಜ್ ಮರಳಿದ, ಫೋಲ್ಸ್ ಮತ್ತೆ ಬೆಂಚಿಗೆ ಹೋದ, 2019ರಲ್ಲಿ ಬೇರೆ ಊರಿಗೆ. 2021ರ ಜನವರಿಯಲ್ಲಿ ಪೀಡರ್ಸನ್ ಅವರನ್ನು ತಂಡ ತೆಗೆದುಹಾಕಿತು; ಅದೇ ವರ್ಷ ವೆಂಟ್ಜ್‌ನನ್ನೂ ಇಂಡಿಯಾನಪೊಲಿಸ್‌ಗೆ ಕೊಟ್ಟುಬಿಟ್ಟಿತು. ಆದರೆ 2018ರ ಸೆಪ್ಟೆಂಬರ್‌ನಲ್ಲಿ ಈಗಲ್ಸ್ ಕ್ರೀಡಾಂಗಣದ ಹೊರಗೆ ಒಂದು ಕಂಚಿನ ಪ್ರತಿಮೆ ನಿಲ್ಲಿಸಿದ್ದರು. ಅದರಲ್ಲಿ ಚೆಂಡು ಹಿಡಿಯುವ ಫೋಲ್ಸ್ ಇಲ್ಲ. ಕೈಯಲ್ಲಿ ಆಟಗಳ ಪಟ್ಟಿ ಹಿಡಿದ ತರಬೇತುದಾರ, ಎದುರಿಗೆ ಹೆಲ್ಮೆಟ್ ಹಾಕಿದ ಮೀಸಲು ಕ್ವಾರ್ಟರ್‌ಬ್ಯಾಕ್, ಇಬ್ಬರೂ ಮಾತಾಡುತ್ತ ನಿಂತಿದ್ದಾರೆ. ನಾಲ್ಕನೇ ಡೌನ್, ಒಂದು ಗಜ.